ಬೇಬಿ ಕ್ವಿಲ್ಟ್: ಸಾಲುಗಳು ಒಂದಕ್ಕೊಂದು ಕೂರುತ್ತಿಲ್ಲ, ಮೂಲೆ ಸೇರುತ್ತಿಲ್ಲ. ಯಾರಾದ್ರೂ ಬೇಗ ಹೇಳಿ

ಹೊಸ ದೊಡ್ಡಮ್ಮ, ಮೈಸೂರು
ತಲೆ ಕೆಟ್ಟು ಹೋಗಿದೆ. ತಂಗಿಗೆ ಹೆರಿಗೆಯಾಗಿದೆ, ಮುಂದಿನ ಭಾನುವಾರ ತೊಟ್ಟಿಲು ಶಾಸ್ತ್ರ. ಮಗುವಿಗೆ ನಾನೇ ಕ್ವಿಲ್ಟ್ ಹೊಲಿದು ಕೊಡ್ತೀನಿ ಅಂತ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದೀನಿ. ಐದು ಇಂಚಿನ ಚಾರ್ಮ್ ಪ್ಯಾಕ್, ಅಂದ್ರೆ ಚೌಕವಾಗಿ ಕತ್ತರಿಸಿಟ್ಟ ಬಟ್ಟೆ ತುಂಡುಗಳ ಕಟ್ಟು, 42 ತುಂಡು. ನಾದಿನಿ ಅಮೆರಿಕದಿಂದ ತಂದುಕೊಟ್ಟದ್ದು, ಇಲ್ಲಿ ಅದೇ ಡಿಸೈನ್ ಸಿಗೋದಿಲ್ಲ. ಅಗಲಕ್ಕೆ ಆರು, ಉದ್ದಕ್ಕೆ ಏಳು. ಸಾಲುಗಳನ್ನೆಲ್ಲ ಹೊಲಿದಾಯಿತು. ಈಗ ಸಾಲಿಗೆ ಸಾಲು ಸೇರಿಸೋಣ ಅಂದ್ರೆ ಕೆಲವು ಉದ್ದ, ಕೆಲವು ಗಿಡ್ಡ. ಒಂದು ಮೂಲೆ ಸರಿಯಾಗಿ ಪಿನ್ ಮಾಡಿದ್ರೆ ಮುಂದಿನದು ಓಡಿಹೋಗುತ್ತೆ. ಕತ್ತರಿಸಿಯೇ ಬರೋದು, ಅಳತೆಯ ತಲೆನೋವೇ ಇಲ್ಲ ಅಂತ ತಾನೇ ಇದನ್ನು ತರಿಸಿದ್ದು? ಹೊಲಿಗೆ ಎಲ್ಲಾ ಕಡೆ ಫೂಟ್ (ಸೂಜಿ ಹತ್ತಿರ ಬಟ್ಟೆ ಒತ್ತಿ ಹಿಡಿಯೋ ಪಾದ) ಅಂಚಿಗೇ, ಕಾಲು ಇಂಚು. ಫೋಟೋ ಹಾಕಿದ್ದೀನಿ. ಏನು ತಪ್ಪಾಗಿದೆ?

ಬಾಬಿನ್ ಬಾಸ್
ಟೆನ್ಷನ್, ಅಂದ್ರೆ ದಾರದ ಬಿಗಿ. ನೂರಕ್ಕೆ ನೂರು ಟೆನ್ಷನ್. ಮೇಲಿನ ದಾರ ಬಿಗಿಯಾದ್ರೆ ಹೊಲಿಗೆ ಬಟ್ಟೆಯನ್ನು ಎಳೆದುಕೊಳ್ಳುತ್ತೆ, ಸಾಲು ಗಿಡ್ಡ ಆಗುತ್ತೆ. ಬಾಬಿನ್ ಕೇಸನ್ನು (ಕೆಳಗಿನ ದಾರದ ಡಬ್ಬಿ) ದಾರ ಹಿಡಿದು ತೂಗಿಬಿಡಿ. ತಾನಾಗಿ ಜಾರಬಾರದು, ಕೈ ಸ್ವಲ್ಪ ಜರ್ಕ್ ಕೊಟ್ಟರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಹಾಗಿಲ್ಲ ಅಂದ್ರೆ ಪಕ್ಕದ ಸಣ್ಣ ಸ್ಕ್ರೂ ಸ್ವಲ್ಪವೇ ಸ್ವಲ್ಪ ತಿರುಗಿಸಿ.

ಸರಸ್ವತಿಪುರಂ ಕಸೂತಿ
ಬಟ್ಟೆ ಮೊದಲು ತೊಳೆದಿರಾ? ಕಾಟನ್ ಅಂದಮೇಲೆ ಕುಗ್ಗುತ್ತೆ. ನಾನು ಬ್ಲೌಸ್ ಪೀಸ್ ಕೂಡ ನೆನೆಸದೆ ಕತ್ತರಿ ಹಾಕೋದಿಲ್ಲ.

ಪ್ಯಾಚ್‌ವರ್ಕ್ ಪದ್ಮ
ಅಯ್ಯೋ, ಕತ್ತರಿಸಿ ಬಂದ ಐದು ಇಂಚಿನ ತುಂಡನ್ನು ತೊಳೆಯಬಾರದು ಕಣ್ರೀ! ಅಂಚು ಬಿಚ್ಚಿಕೊಂಡು ದಾರ ದಾರ ಆಗುತ್ತೆ, ಒಂದೊಂದು ತುಂಡು ಒಂದೊಂದು ಥರ ಕುಗ್ಗುತ್ತೆ. ಆಮೇಲೆ ಐದು ಇಂಚು ಎಲ್ಲಿಂದ ತರ್ತೀರಿ? ಪೂರ್ತಿ ಹೊಲಿದ ಮೇಲೆ ಒಟ್ಟಿಗೇ ತೊಳೆಯೋದು. ಆಗ ಬರುವ ಸಣ್ಣ ಸುಕ್ಕೇ ಕ್ವಿಲ್ಟ್‌ಗೆ ಚಂದ.

ಸರಸ್ವತಿಪುರಂ ಕಸೂತಿ
ಬಣ್ಣ ಬಿಟ್ಟರೆ? ಕೆಂಪು ತುಂಡಿನ ಬಣ್ಣ ಬಿಳಿ ತುಂಡಿಗೆ ಹತ್ತಿದ್ರೆ ಅದೂ ಚಂದಾನಾ?

ಪ್ಯಾಚ್‌ವರ್ಕ್ ಪದ್ಮ
ಒಂದು ತುಂಡಿನ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಗೊತ್ತಾಗುತ್ತೆ. ಅದಕ್ಕೋಸ್ಕರ 42 ತುಂಡನ್ನೂ ಬಕೆಟ್‌ಗೆ ಹಾಕಬೇಕಾಗಿಲ್ಲ.

ಹೊಸ ದೊಡ್ಡಮ್ಮ, ಮೈಸೂರು
ತೊಳೆದಿಲ್ಲ. ಬಾಸ್ ಸರ್, ಬಾಬಿನ್ ತೂಗಿ ನೋಡಿದೆ, ನೀವು ಹೇಳಿದ ಹಾಗೇ ಇಳಿದು ನಿಲ್ಲುತ್ತೆ. ಹೊಲಿಗೆಯಲ್ಲಿ ಸುಕ್ಕಿಲ್ಲ, ಮೇಲೆ ಕೆಳಗೆ ಒಂದೇ ಥರ ಇದೆ. ಆದ್ರೂ ಸಾಲು ಸೇರುತ್ತಿಲ್ಲ.

ಬಾಬಿನ್ ಬಾಸ್
ಹಾಗಾದ್ರೆ ಸೂಜಿ. ಯಾವ ನಂಬರ್? 14 ಹಾಕಿದ್ದೀರಾ, 16 ಹಾಕಿದ್ದೀರಾ? ದಾರ ಕಾಟನ್ನಾ, ಪಾಲಿಯೆಸ್ಟರಾ? ಸೂಜಿ ಮೊಂಡಾದ್ರೆ ಬಟ್ಟೆ ತಳ್ಳುತ್ತೆ, ತಳ್ಳಿದ್ರೆ ಟೆನ್ಷನ್ ಕೆಡುತ್ತೆ. ಕೊನೆಗೆ ಎಲ್ಲಾ ಅಲ್ಲಿಗೇ ಬರೋದು.

ಗುತ್ತಲು ಪೆಡಲ್
ಈ ಹೊಸ ಪ್ಲಾಸ್ಟಿಕ್ ಮಿಷನ್‌ಗಳ ಹಣೆಬರಹವೇ ಇಷ್ಟು. ನಮ್ಮ ಮಾವನವರ ಕಾಲದ ಕಪ್ಪು ಸಿಂಗರ್ ಇದೆ, ಬೀಡು ಕಬ್ಬಿಣದ ಸ್ಟ್ಯಾಂಡು, ಜೀನ್ಸ್ ಆರು ಮಡಿಕೆ ಹಾಕಿದ್ರೂ ಉಸಿರೆತ್ತೋದಿಲ್ಲ. ಪೆಡಲ್ ಬಿಚ್ಚಿಸದೆ ಪಕ್ಕಕ್ಕೊಂದು ಮೋಟಾರ್ ಹಾಕಿಸಿದ್ದೀನಿ. ಕರೆಂಟ್ ಇದ್ರೆ ಮೋಟಾರ್, ಹೋದ್ರೆ ಕಾಲು. ಮೇಲೆ ಎಲ್‌ಇಡಿ ಪಟ್ಟಿ ಅಂಟಿಸಿದ್ದೀನಿ, ರಾತ್ರಿ ಹೊಲಿದ್ರೂ ಹಗಲಿನ ಹಾಗೆ. ಫೋಟೋ ಹಾಕ್ತೀನಿ ನೋಡಿ.

ಪ್ಯಾಚ್‌ವರ್ಕ್ ಪದ್ಮ
ಅಣ್ಣಾ, ಆ ಫೋಟೋ ಹೋದ ತಿಂಗಳೂ ಹಾಕಿದ್ರಿ. ದೊಡ್ಡಮ್ಮ, ಬಟ್ಟೆಯ ಅಂಚು ನೇರ ಇದೆಯಾ, ಹಲ್ಲು ಹಲ್ಲಾಗಿದೆಯಾ? ಹಲ್ಲಿನ ಕತ್ತರಿಯಲ್ಲಿ ಕತ್ತರಿಸಿದ ತುಂಡಾದ್ರೆ ಕೆಲವು ಪ್ಯಾಕ್‌ನಲ್ಲಿ ಹಲ್ಲಿನ ಹೊರತುದಿಗೆ ಐದು ಇಂಚು ಬರುತ್ತೆ, ಕೆಲವದರಲ್ಲಿ ಒಳಗಿನ ತಗ್ಗಿಗೆ ಬರುತ್ತೆ. ಮೊದಲು ಸ್ಕೇಲಿಟ್ಟು ಒಂದು ತುಂಡು ಅಳೆಯಬೇಕು. ಒಮ್ಮೆ ತುದಿ ಹಿಡಿದು, ಒಮ್ಮೆ ತಗ್ಗು ಹಿಡಿದು ಹೊಲಿದ್ರೆ ಸೇರೋದಿಲ್ಲ.

ಹೊಸ ದೊಡ್ಡಮ್ಮ, ಮೈಸೂರು
ಹಲ್ಲು ಹಲ್ಲೇ. ಅಳೆದೆ, ಹೊರತುದಿಗೆ ಸರಿಯಾಗಿ ಐದು. ಹೊಲಿಯುವಾಗಲೂ ತುದಿಗೆ ತುದಿ ಹಿಡಿದಿದ್ದೀನಿ.

ಧಾರವಾಡದಾಕಿ, ಈಗ ಮೈಸೂರು
ಇಷ್ಟೆಲ್ಲ ಯಾಕೆ? ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯೋದನ್ನ ನೋಡಿ. ಸ್ಕೇಲಿಲ್ಲ, ಮಿಷನ್ನಿಲ್ಲ. ಅಂಚಿನಿಂದ ಶುರುಮಾಡಿ, ತುಂಡು ಬಂದ ಹಾಗೆ ಅಂಚು ಮಡಚಿ ಹಚ್ಚುತ್ತಾ, ಸುತ್ತಿಕೊಂಡು ನಡುವಿಗೆ ಬರ್ತಾರೆ. ಎಲ್ಲಾ ಪದರವೂ ಅದೇ ಹೊಲಿಗೆಯಲ್ಲಿ ಕೂಡಿಕೊಳ್ಳುತ್ತೆ. ನಾಲ್ಕು ಮೂಲೆಗೂ ಮಡಚಿದ ಪುಟ್ಟ ತ್ರಿಕೋನ ಇಡ್ತಾರೆ, ಅದಿಲ್ಲದಿದ್ರೆ ಕೌದಿ ಮುಗಿದ ಹಾಗಲ್ಲ. ಮೂಲೆ ಸೇರಲಿಲ್ಲ ಅಂತ ಅಲ್ಲಿ ಯಾರೂ ಅತ್ತದ್ದನ್ನ ನಾನು ಕಂಡಿಲ್ಲ.

ಬಾಬಿನ್ ಬಾಸ್
ಕೈಹೊಲಿಗೆಗೆ ಟೆನ್ಷನ್ ಸಮಸ್ಯೆ ಇರೋದಿಲ್ಲ, ಅದಕ್ಕೇ.

ಪಾಂಡವಪುರ ಟೈಲರ್
ಎಲ್ಲರೂ ಒಂದು ನಿಮಿಷ ಸುಮ್ನಿರಿ. ಮೇಡಂ, "ಉದ್ದ, ಗಿಡ್ಡ" ಅಂದ್ರೆ ನಮಗೇನು ಗೊತ್ತಾಗಬೇಕು? ಏಳು ಸಾಲನ್ನೂ ಇಸ್ತ್ರಿ ಮಾಡಿ, ಟೇಪ್ ಹಿಡಿದು ಒಂದೊಂದಾಗಿ ಬರೆಯಿರಿ. ಕಾಲು ಇಂಚು ಅಂದ್ರೆ ಎರಡು ನೂಲು. ಐದಿಂಚಿನ ಆರು ತುಂಡು, ಐದು ಜಾಯಿಂಟು, ಒಂದು ಜಾಯಿಂಟಿಗೆ ಎರಡೂ ಕಡೆಯಿಂದ ಸೇರಿ ಅರ್ಧ ಇಂಚು ಹೋಗುತ್ತೆ. ಸಾಲು 27½ ಇಂಚು ಬರಬೇಕು. ನಿಮ್ಮದೆಷ್ಟು?

ಹೊಸ ದೊಡ್ಡಮ್ಮ, ಮೈಸೂರು
ಅಳೆದೆ. ಮೊದಲ ನಾಲ್ಕು ಸಾಲು 26¼. ಕೊನೆಯ ಮೂರು 27½.

ಬಾಬಿನ್ ಬಾಸ್
ನೋಡಿ, ಮೊದಲ ನಾಲ್ಕು ಗಿಡ್ಡ. ಆಮೇಲೆ ಟೆನ್ಷನ್ ತಾನಾಗಿ ಸಡಿಲ ಆಗಿದೆ.

ಪಾಂಡವಪುರ ಟೈಲರ್
ಅಣ್ಣಾ, ಟೆನ್ಷನ್ ಕೆಟ್ಟರೆ ನಾಲ್ಕು ಸಾಲು ನಾಲ್ಕು ಥರ ಬರುತ್ತೆ. ಇದು ಗೆರೆ ಹೊಡೆದ ಹಾಗೆ ಒಂದೂಕಾಲು ಇಂಚು ವ್ಯತ್ಯಾಸ. ಐದು ಜಾಯಿಂಟಿಗೆ ಹಂಚಿ: ಒಂದಕ್ಕೆ ಕಾಲು ಇಂಚು. ಅಂದ್ರೆ ಒಂದೊಂದು ತುಂಡಿನಿಂದ ಒಂದೊಂದು ನೂಲು ಜಾಸ್ತಿ ಹೋಗಿದೆ. ಮೊದಲ ನಾಲ್ಕು ಸಾಲಿಗೆ ಮಾರ್ಜಿನ್ (ಅಂಚಿನಿಂದ ಹೊಲಿಗೆವರೆಗಿನ ಬಟ್ಟೆ) ಮೂರು ನೂಲು, ಕೊನೆಯ ಮೂರಕ್ಕೆ ಎರಡು ನೂಲು. ಮೇಡಂ, ನಡುವೆ ಫೂಟ್ ಬದಲಾಯಿಸಿದ್ರಾ? ಅಥವಾ ಬೇರೆ ಮಿಷನ್ನಾ?

ಹೊಸ ದೊಡ್ಡಮ್ಮ, ಮೈಸೂರು
ಕರೆಂಟ್ ಹೋಯಿತು ಅಂತ ಕೊನೆಯ ಮೂರು ಸಾಲು ಅತ್ತೆಯವರ ಹಳೇ ಪೆಡಲ್ ಮಿಷನ್ನಲ್ಲಿ ಹೊಲಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಎರಡರಲ್ಲೂ ಫೂಟ್ ಅಂಚಿಗೇ ತಾನೇ ಹೊಲಿದದ್ದು.

ಪ್ಯಾಚ್‌ವರ್ಕ್ ಪದ್ಮ
ಇದನ್ನ ಮೊದಲೇ ಹೇಳಬಾರದಿತ್ತಾ ತಾಯಿ! ಬಕೆಟ್, ಬಾಬಿನ್, ಯಲ್ಲಾಪುರ ಎಲ್ಲಾ ಸುತ್ತಿ ಬಂದೆವು.

ಪಾಂಡವಪುರ ಟೈಲರ್
ಅದೇ ಸಂಬಂಧ. ಪೆಡಲ್ ಮಿಷನ್ನಿನ ಫೂಟ್ ಸಣ್ಣದು, ಸೂಜಿಯಿಂದ ಬಲ ಅಂಚಿಗೆ ಹೆಚ್ಚುಕಮ್ಮಿ ಎರಡು ನೂಲು. ಜಿಗ್‌ಜಾಗ್ ಹೊಲಿಯುವ ಕರೆಂಟ್ ಮಿಷನ್ನಿಗೆ ಸೂಜಿ ಅತ್ತಿತ್ತ ಓಡಾಡೋಕೆ ಜಾಗ ಬೇಕು, ಅದಕ್ಕೆ ಫೂಟ್ ಅಗಲ. ಇನ್ನೊಂದು ವಿಷಯ: ಅಂಥ ಎಷ್ಟೋ ಮಿಷನ್ನುಗಳ ಡಯಲ್‌ನಲ್ಲಿ ನೇರ ಹೊಲಿಗೆ ಎರಡಿರುತ್ತೆ. ಒಂದರಲ್ಲಿ ಸೂಜಿ ನಡುವೆ, ಇನ್ನೊಂದರಲ್ಲಿ ಎಡಕ್ಕೆ. ಎಡಕ್ಕೆ ಇಟ್ಟು ಫೂಟ್ ಅಂಚಿಗೆ ಹೊಲಿದ್ರೆ ಮಾರ್ಜಿನ್ ಇನ್ನೂ ಹೆಚ್ಚುತ್ತೆ. ಸ್ಕೇಲನ್ನು ಫೂಟ್ ಕೆಳಗಿಟ್ಟು, ಚಕ್ರ ಕೈಯಲ್ಲಿ ತಿರುಗಿಸಿ, ಸೂಜಿಯ ಮೊನೆಯನ್ನು ಕಾಲು ಇಂಚಿನ ಗೆರೆಯ ಮೇಲೆ ಇಳಿಸಿ. ಸ್ಕೇಲಿನ ಅಂಚು ಎಲ್ಲಿ ಬರುತ್ತೋ ಅಲ್ಲಿ ಪ್ಲೇಟಿನ ಮೇಲೆ ಟೇಪ್ ಅಂಟಿಸಿ. ಫೂಟ್ ಮರೆತುಬಿಡಿ. ಟೇಪ್ ನೋಡಿಕೊಂಡು ಹೊಲಿಯಿರಿ.

ಹೊಸ ದೊಡ್ಡಮ್ಮ, ಮೈಸೂರು
ಅಂದ್ರೆ ನಾಲ್ಕು ಸಾಲನ್ನೂ ಬಿಚ್ಚಬೇಕಾ? ಭಾನುವಾರದ ಒಳಗೆ?

ಸರಸ್ವತಿಪುರಂ ಕಸೂತಿ
ಬಿಚ್ಚಿ. ಇಪ್ಪತ್ತು ಜಾಯಿಂಟು, ಟಿವಿ ನೋಡ್ತಾ ಬಿಚ್ಚಬಹುದು. ಮಾರ್ಜಿನ್ ಬಟ್ಟೆ ಒಳಗೇ ಇದೆ ಅಲ್ವಾ, ಎರಡು ನೂಲಿಗೆ ಮತ್ತೆ ಹೊಲಿದ್ರೆ ಪೂರ್ತಿ ಅಳತೆ ಸಿಗುತ್ತೆ.

ಪಾಂಡವಪುರ ಟೈಲರ್
ಬೇಡ. ಹಲ್ಲಿನ ಅಂಚು ಬಿಚ್ಚುವಾಗ ಎಳೆ ಬಿಡುತ್ತೆ, ಸೂಜಿ ತೂತೂ ಕಾಣುತ್ತೆ. ಉದ್ದ ಇರೋ ಮೂರು ಸಾಲನ್ನೇ ಗಿಡ್ಡ ಮಾಡಿ. ಹಳೇ ಹೊಲಿಗೆ ಬಿಚ್ಚಬೇಡಿ. ಅದರಿಂದ ಒಂದು ನೂಲು ಒಳಗೆ ಇನ್ನೊಂದು ಹೊಲಿಗೆ ಹಾಕಿ, ಹದಿನೈದು ಜಾಯಿಂಟಿಗೂ. ಹಳೇ ಹೊಲಿಗೆ ಮಾರ್ಜಿನ್ ಒಳಗೆ ಇದ್ದುಕೊಳ್ಳಲಿ, ಯಾರಿಗೂ ಕಾಣೋದಿಲ್ಲ. ಏಳು ಸಾಲೂ 26¼ ಆಗುತ್ತೆ. ಸಾಲಿಗೆ ಸಾಲು ಸೇರಿಸುವಾಗಲೂ ಮೂರು ನೂಲೇ ಬಿಡಿ, ಇಲ್ಲದಿದ್ರೆ ಚೌಕ ಚೌಕವಾಗಿ ಉಳಿಯೋದಿಲ್ಲ, ಉದ್ದುದ್ದ ಆಗುತ್ತೆ.

ಪ್ಯಾಚ್‌ವರ್ಕ್ ಪದ್ಮ
ಟೈಲರಣ್ಣ ಹೇಳಿದ್ದೇ ಸರಿ. ಒಂದೊಂದು ಚೌಕ 4½ ಬರಬೇಕಾದದ್ದು 4¼ ಬರುತ್ತೆ. ಪೂರ್ತಿ ಮುಗಿದಾಗ 27ಕ್ಕೆ 31½ ಬದಲು 25½ಕ್ಕೆ 29¾. ಮಗುವಿಗೆ ಧಾರಾಳ. ಸಾಲದು ಅನ್ನಿಸಿದ್ರೆ ಸುತ್ತ ಎರಡಿಂಚಿನ ಬಾರ್ಡರ್ ಕೊಡಿ. ಸೇರಿಸುವ ಮೊದಲು ಇಸ್ತ್ರಿ: ಒಂದು ಸಾಲಿನ ಮಾರ್ಜಿನ್ ಎಲ್ಲಾ ಎಡಕ್ಕೆ, ಮುಂದಿನ ಸಾಲಿಂದು ಬಲಕ್ಕೆ. ಆಗ ಎರಡು ಜಾಯಿಂಟು ಮುಖಾಮುಖಿ ಬಂದಾಗ ಒಂದರ ಪಕ್ಕ ಒಂದು ಕೂರುತ್ತೆ. ಬೆರಳಲ್ಲಿ ಸವರಿದ್ರೆ ಉಬ್ಬು ಸಿಗಬಾರದು, ಅಲ್ಲೇ ಪಿನ್ ಚುಚ್ಚಿ. ಇಸ್ತ್ರಿ ಒತ್ತಿ ಎತ್ತಬೇಕು, ಉಜ್ಜಬಾರದು. ಉಜ್ಜಿದ್ರೆ ಬಟ್ಟೆ ಹಿಗ್ಗುತ್ತೆ.

ಬಾಬಿನ್ ಬಾಸ್
ಎರಡು ಮಿಷನ್ ಅಂದಮೇಲೆ ಎರಡು ಟೆನ್ಷನ್. ನಾನು ಹೇಳಿದ್ದೂ ಅದೇ.

ಗುತ್ತಲು ಪೆಡಲ್
ಸರಿಯಾಗಿ 27½ ಬಂದದ್ದು ಪೆಡಲ್ ಮಿಷನ್ನಲ್ಲಿ ಅನ್ನೋದನ್ನ ಯಾರೂ ಗಮನಿಸಲಿಲ್ಲ.

ಹೊಸ ದೊಡ್ಡಮ್ಮ, ಮೈಸೂರು
ಮೂರು ಸಾಲಿಗೂ ಒಳಹೊಲಿಗೆ ಹಾಕಿದೆ, ಕರೆಂಟ್ ಮಿಷನ್ನಲ್ಲೇ. ಎರಡು ಸಾಲು ಸೇರಿಸಿ ನೋಡಿದೆ. ಐದು ಮೂಲೆಯಲ್ಲಿ ನಾಲ್ಕು ಪಕ್ಕಾ, ಒಂದು ಕೂದಲೆಳೆ ಆಚೆ. ಆ ಟೈಲರ್ ಸರ್‌ಗೆ ಒಂದು ಕೆಜಿ ಮೈಸೂರು ಪಾಕ್. ಈಗ ಮುಂದಿನ ತಲೆನೋವು. ಒಳಗೆ ಹಾಕೋಕೆ ಅಂಗಡಿಯಲ್ಲಿ ಕೇಳಿದ್ರೆ ಬ್ಲೌಸ್ ಕಪ್‌ಗೆ ಹಾಕೋ ಥರದ ಸ್ಪಂಜ್ ಶೀಟ್ ಕೊಟ್ಟಿದ್ದಾರೆ. ನಡೆಯುತ್ತಾ?

ಪ್ಯಾಚ್‌ವರ್ಕ್ ಪದ್ಮ
ಬೇಡವೇ ಬೇಡ. ಗಾಳಿ ಆಡೋದಿಲ್ಲ, ಒಗೆದ್ರೆ ಬೇಗ ಒಣಗೋದೂ ಇಲ್ಲ. ಕ್ವಿಲ್ಟ್ ಒಳಗೆ ಹಾಕೋ ಹತ್ತಿಯ ಹಾಳೆ, ಕಾಟನ್ ಬ್ಯಾಟಿಂಗ್, ಸಿಕ್ಕರೆ ಅದು. ಇಲ್ಲದಿದ್ರೆ ತೆಳು ಪಾಲಿಫಿಲ್ (ಪಾಲಿಯೆಸ್ಟರ್) ಶೀಟ್, ಆದ್ರೆ ಅದರ ಮೇಲೆ ಬಿಸಿ ಇಸ್ತ್ರಿ ಇಡಬೇಡಿ. ಮೈಸೂರಿನ ಚಳಿಗೆ ಒಂದು ಪದರ ಕಾಟನ್ ಫ್ಲಾನೆಲ್ಲೂ ಸಾಕು, ಅದನ್ನು ಮಾತ್ರ ಮೊದಲೇ ತೊಳೆದುಬಿಡಿ, ಜಾಸ್ತಿ ಕುಗ್ಗುತ್ತೆ. ಹಿಂದಿನ ಬಟ್ಟೆ, ಒಳಪದರ ಎರಡೂ ನಾಲ್ಕು ಕಡೆಯೂ ಮೂರಿಂಚು ದೊಡ್ಡದಿರಲಿ. ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಹಾಕಿ, ನಡುವಿನಿಂದ ಹೊರಗೆ ಹೊಲಿಯಿರಿ.

ಧಾರವಾಡದಾಕಿ, ಈಗ ಮೈಸೂರು
ಒಳಗೆ ಅಜ್ಜಿಯ ಹಳೇ ಕಾಟನ್ ಸೀರೆ ಎರಡು ಪದರ. ತೊಳೆದು ತೊಳೆದು ಮೆತ್ತಗಾಗಿರುತ್ತೆ, ಇನ್ನು ಕುಗ್ಗೋದೂ ಇಲ್ಲ.

ಹಗಲು ಡ್ಯೂಟಿ ಸಿಸ್ಟರ್, ಮಂಡ್ಯ
ಹೊಲಿಗೆ ನನಗೆ ಬರೋದಿಲ್ಲ, ಒಂದೇ ಮಾತು. ಒಂದು ವರ್ಷದ ಒಳಗಿನ ಮಗು ಮಲಗಿರುವಾಗ ಸಡಿಲವಾದ ಹೊದಿಕೆ, ದಿಂಬು, ಕ್ವಿಲ್ಟ್ ಹತ್ತಿರ ಇಡಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳುತ್ತೆ. ಮುಖದ ಮೇಲೆ ಬಂದ್ರೆ ಮಗುವಿಗೆ ಸರಿಸಿಕೊಳ್ಳೋಕೆ ಬರೋದಿಲ್ಲ. ಎಚ್ಚರ ಇದ್ದಾಗ ನೆಲದ ಮೇಲೆ ಹಾಸಿ ಬೋರಲು ಮಲಗಿಸಿ ಆಡಿಸಿ, ಪಕ್ಕದಲ್ಲಿ ಒಬ್ಬರು ಇರಲಿ. ಗುಂಡಿ, ಮಣಿ ಹೊಲಿಯಬೇಡಿ. ಸೇಫ್ಟಿ ಪಿನ್ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ.

ಹೊಸ ದೊಡ್ಡಮ್ಮ, ಮೈಸೂರು
ಪಿನ್ ಎಣಿಸೋದು ನನಗೆ ಹೊಳೆದೇ ಇರಲಿಲ್ಲ ಸಿಸ್ಟರ್. ತೊಟ್ಟಿಲಿಗೆ ಹಾಕೋದಿಲ್ಲ, ಹಾಸೋಕೆ ಅಂತಲೇ ಹೇಳಿ ಕೊಡ್ತೀನಿ. ಮೂರು ಪದರ ಹೊಲಿಯುವಾಗ ಹಿಂದಿನ ಬಟ್ಟೆ ಮಡಿಕೆ ಬೀಳುತ್ತೆ ಅಂತಾರಲ್ಲ, ಅದಕ್ಕೆ ವಾಕಿಂಗ್ ಫೂಟ್ ಬೇಕೇ ಬೇಕಾ? ನನ್ನ ಮಿಷನ್ನಿಗೆ ಯಾವುದು ಕೂರುತ್ತೆ?

ಪಾಂಡವಪುರ ಟೈಲರ್
ಇದ್ರೆ ಒಳ್ಳೇದು. ಕೆಳಗಿನ ಹಲ್ಲು ತಳದ ಬಟ್ಟೆ ಎಳೆಯುತ್ತೆ, ಆ ಫೂಟ್ ಮೇಲಿನದನ್ನೂ ಜೊತೆಗೆ ಎಳೆಯುತ್ತೆ. ತರುವ ಮೊದಲು ಫೂಟ್ ಇಳಿಸಿ, ಪ್ಲೇಟಿನಿಂದ ಫೂಟ್ ಸ್ಕ್ರೂವಿನ ನಡುವಿನವರೆಗೆ ಅಳೆಯಿರಿ. ಮುಕ್ಕಾಲು ಇಂಚಿನ ಒಳಗಿದ್ರೆ ಲೋ ಶ್ಯಾಂಕ್ (ಫೂಟ್ ಕೂರೋ ಕಡ್ಡಿ ಗಿಡ್ಡ ಇರೋದು) ಅಂತ ಕೇಳಿ. ಸಿಗದಿದ್ರೆ ಹೊಲಿಗೆ ಉದ್ದ ಮಾಡಿ, ಫೂಟ್ ಒತ್ತೋ ಪ್ರೆಷರ್ ಕಮ್ಮಿ ಮಾಡಿ, ಬರೀ ನೇರ ಗೆರೆ, ನಿಧಾನ. ಅಳತೆ ಹೇಳುವಾಗ ಈ ಸಲ ಯಾವ ಮಿಷನ್ ಅಂತಲೂ ಹೇಳಿ.

ಗುತ್ತಲು ಪೆಡಲ್
ವಾಕಿಂಗ್ ಫೂಟ್ ನನ್ನ ಸಿಂಗರ್‌ಗೂ ಹಾಕಿಸಿದ್ದೀನಿ. ಫೋಟೋ ಹಾಕಲಾ?

ಬಾಬಿನ್ ಬಾಸ್
ಹಾಕಿದ ಮೇಲೆ ಟೆನ್ಷನ್ ಎಷ್ಟಕ್ಕೆ ಇಟ್ಟಿದ್ದೀರಿ?