ಸಹಾಯ ಬೇಕು: ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಪೂರ್ತಿ ತೆಗೆಸಬೇಕಾ?

ಎಲ್ಲರಿಗೂ ನಮಸ್ಕಾರ. ವಿಜಯಪುರದ ಗಾಂಧಿ ಚೌಕದ ಹತ್ತಿರ ನಮ್ಮ ಅಜ್ಜ ಕಟ್ಟಿಸಿದ ಮನೆ ಇದೆ, ದಪ್ಪ ಕಲ್ಲಿನ ಗೋಡೆ, ಪೈಪೆಲ್ಲ ಗೋಡೆಯೊಳಗೇ ಹೋಗಿದೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರು, ಆಮೇಲೆ ತಿಳಿಯಾಗುತ್ತದೆ. ಬಚ್ಚಲಲ್ಲಂತೂ ಧಾರೆ ದಾರದಷ್ಟು ಸಣ್ಣ. ಹೊರಗೆ ಕಾಣುವ ತುಂಡಿಗೆ ಆಯಸ್ಕಾಂತ ಹಿಡಿದೆ, ಗಟ್ಟಿಯಾಗಿ ಅಂಟಿತು. ಅಂದರೆ ಅದು ಜಿಐ, ಸೀಸದ್ದಲ್ಲ, ಅಷ್ಟು ಸಮಾಧಾನ. ಆದರೆ ಜಿಐ ಪೈಪಿನ ಸತುವಿನ ಲೇಪ ಸವೆದ ಮೇಲೆ ಒಳಗೇ ತುಕ್ಕು ಬೆಳೆದು ದಾರಿ ಕಟ್ಟುತ್ತದೆ, ಜೋಡಿಸಲು ಥ್ರೆಡ್ (ತಿರುಪಿನ ಗೆರೆ) ಹಾಕಿದ ಕಡೆ ಕಬ್ಬಿಣ ತೆಳ್ಳಗಿರುವುದರಿಂದ ಸೋರಿಕೆಯೂ ಜಾಸ್ತಿ ಅಲ್ಲೇ ಶುರುವಾಗುತ್ತದೆ, ಅದರ ಮೇಲೆ ನಮ್ಮ ಬೋರ್ ನೀರಿನ ಗಡಸುತನ ನಿಮಗೆ ಗೊತ್ತೇ ಇದೆ.

ಪ್ಲಂಬರ್ ಸೋರುವ ಕಡೆ ಮಾತ್ರ ಪಿವಿಸಿ ತುಂಡು ಸೇರಿಸೋಣ ಅನ್ನುತ್ತಾರೆ, ಗೀಸರ್ ಲೈನಿಗೂ ಅದೇ ಅಂತೆ! ಬಿಸಿನೀರಿಗೆ ಸಿಪಿವಿಸಿನೇ (ಬಿಸಿ ತಡೆಯುವ ಬಗೆಯ ಪಿವಿಸಿ) ಬೇಕು ಅಲ್ವಾ? ಸುಮ್ನೆ ತೇಪೆ ಹಾಕಿಸಲು ನನಗೆ ಮನಸ್ಸಿಲ್ಲ.

ಅಣ್ಣಾರ, ಅಕ್ಕಾರ, ಇಂಥ ಕಲ್ಲಿನ ಮನೆಯಲ್ಲಿ ಯಾರಾದರೂ ಪೈಪ್ ಬದಲಿಸಿದ್ದೀರಾ? ಗೋಡೆ ಒಡೆಸಿದಿರಾ, ಅಥವಾ ಹಳೇದನ್ನು ಒಳಗೇ ಬಿಟ್ಟು ಹೊರಗಿಂದ ಹೊಸ ಲೈನ್ ಎಳೆಸಿದಿರಾ? ಖರ್ಚು ಎಷ್ಟಾಯಿತು ಅಂತಲೂ ಹೇಳಿ. ಊರಲ್ಲಿ ನಂಬಿಕಸ್ಥ ಪ್ಲಂಬರ್ ಗೊತ್ತಿದ್ದರೆ ಮೆಸೇಜ್ ಮಾಡಿ.