ಅಪ್‌ಡೇಟ್: ದಪ್ಪ ಸಿಲ್ವರ್ ಓಕ್ ದಿಮ್ಮಿಗೆ ಬ್ಯಾಂಡ್‌ಸಾ ಮಿಲ್ಲೇ ಸರಿ

ಕಾಫಿ ತೋಟದ 30 ಇಂಚು ದಪ್ಪದ ಸಿಲ್ವರ್ ಓಕ್ ದಿಮ್ಮಿ ಸೀಳಲು ಚೈನ್‌ಸಾ ಮಿಲ್ಲೋ (ಚೈನ್ ಗರಗಸವನ್ನೇ ಚೌಕಟ್ಟಿಗೆ ಕೂರಿಸಿದ್ದು), ಬ್ಯಾಂಡ್‌ಸಾ ಮಿಲ್ಲೋ (ಪಟ್ಟಿಯಂಥ ತೆಳು ಬ್ಲೇಡ್ ಸುತ್ತುತ್ತಾ ಸೀಳುವ ಯಂತ್ರ) ಎಂದು ಕೇಳಿದ್ದೆ. ಬ್ಯಾಂಡ್‌ಸಾಗೇ ಬಂದು ನಿಂತೆ. ಚೈನ್ ಒಂದು ಸೀಳಿಗೆ ಸುಮಾರು 8 ಮಿ.ಮೀ. ಮರವನ್ನು ಪುಡಿ ಮಾಡುತ್ತದೆ, ಬ್ಯಾಂಡ್ ಬ್ಲೇಡ್ 2 ಮಿ.ಮೀ. ಆಸುಪಾಸು, ನಾಲ್ಕು ಸೀಳಿಗೆ ಹತ್ತಿರ ಹತ್ತಿರ ಒಂದಿಂಚಿನ ಹಲಗೆಯೇ ಉಳಿಯುತ್ತದೆ.

ಎಚ್‌ಪಿ (ಎಂಜಿನ್ ಶಕ್ತಿ) ನೋಡುವ ಮೊದಲು ಬ್ಲೇಡ್ ಗೈಡ್‌ಗಳ, ಅಂದರೆ ಬ್ಲೇಡನ್ನು ಎರಡೂ ಬದಿ ನೇರ ಹಿಡಿಯುವ ಭಾಗಗಳ, ನಡುವಿನ ಅಗಲ ಅಳೆಯಿರಿ. ದಿಮ್ಮಿಯೇ ಹಿಡಿಸದಿದ್ದರೆ ಎಚ್‌ಪಿ ಕಟ್ಟಿಕೊಂಡು ಏನು ಮಾಡೋದು? ಹಲಗೆ ಅಲೆಅಲೆಯಾಗಿ ಬಂದರೆ ಬ್ಲೇಡ್ ಮೊಂಡಾಗಿರುತ್ತದೆ, ಬಿಗಿ ಸಾಲದಿರುತ್ತದೆ, ಇಲ್ಲವೇ ತಳ್ಳುವ ವೇಗ ಜಾಸ್ತಿ. ಒಂದೇ ಬದಿಯಿಂದ ಸೀಳುತ್ತಾ ಹೋದರೆ ಒಳಬಿಗಿತ ಸಡಿಲಿ ದಿಮ್ಮಿ ಬಾಗುತ್ತದೆ. ನಡುನಡುವೆ ಮಗುಚಿ ಹಾಕಬೇಕು. ಬೇಲಿಗೆಂದು ಮರಕ್ಕೆ ಹೊಡೆದ ಹಳೇ ಮೊಳೆ ಒಂದಿದ್ದರೂ ಬ್ಲೇಡ್ ಹೋಯಿತು.

ಅಂದಹಾಗೆ, ಮಿಲ್ಲಿಗೆ ಮುಂಗಡ ಕೊಡುವ ಮುನ್ನ ಅದಕ್ಕೆ ಪರವಾನಗಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.