ಥ್ರಾಟಲ್ ಸೆನ್ಸರ್: ರೀಸೆಟ್ ಮಾಡಿದರೆ ಸಾಕಾ, ಅಳೆದು ನೋಡಬೇಕಾ?

ಮಲ್ಪೆ ಸವಾರ: ನನ್ನದು 2018ರ ಬಿಎಸ್4 ಇಂಜೆಕ್ಷನ್ ಬೈಕ್. ಮಳೆ ಹಿಡಿದ ಮೇಲೆ ಸಣ್ಣ ಥ್ರಾಟಲ್‌ನಲ್ಲಿ ಜರ್ಕ್ ಹೊಡೆಯುತ್ತದೆ. ಸಂತೆಕಟ್ಟೆ ಟ್ರಾಫಿಕ್‌ನಲ್ಲಿ ಐಡಲ್ (ಥ್ರಾಟಲ್ ಬಿಟ್ಟಾಗಿನ ಇಂಜಿನ್ ವೇಗ) ಒಮ್ಮೆ ಏರುತ್ತದೆ, ಒಮ್ಮೆ ಇಳಿದು ಇಂಜಿನ್ನೇ ಬಂದ್. ಹೈವೇಯಲ್ಲಿ ಎಳೆದರೆ ಏನೂ ತೊಂದರೆ ಇಲ್ಲ. ಥ್ರಾಟಲ್ ಎಷ್ಟು ತೆರೆದಿದೆ ಅಂತ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರಿಗೆ) ಹೇಳುವ ಥ್ರಾಟಲ್ ಪೊಸಿಷನ್ ಸೆನ್ಸರಿನ ಕ್ಯಾಲಿಬ್ರೇಷನ್, ಅಂದರೆ ಅಳತೆಯ ಹೊಂದಾಣಿಕೆ, ಹೋಗಿದೆ ಅನ್ನುತ್ತಾರೆ. ಮನೆಯಲ್ಲೇ ಮಾಡಬಹುದಾ?

ಸುರತ್ಕಲ್ 66: ಧಾರಾಳ ಮಾಡಬಹುದು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಥ್ರಾಟಲ್ ಪೂರ್ತಿ ತಿರುಗಿಸಿ, ನಿಧಾನ ಬಿಡಿ, ಕೀ ಆಫ್ ಮಾಡಿ. ಇಷ್ಟೇ ರೀಸೆಟ್. ಬ್ಯಾಟರಿ ಬಿಚ್ಚಿದಾಗೆಲ್ಲ ನಾನು ಹೀಗೇ ಮಾಡುವುದು. ಐಡಲ್ ಆಮೇಲೂ ಕಮ್ಮಿ ಇದ್ದರೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಸ್ಟಾಪ್ ಸ್ಕ್ರೂ ಸ್ವಲ್ಪ ತಿರುಗಿಸಿ.

ಕಂಕನಾಡಿ ಮೆಕ್ಯಾನಿಕ್: ಆ ಸ್ಕ್ರೂ ಮುಟ್ಟಬೇಡಿ ಮಾರಾಯ್ರೆ! ಅದರ ಮೇಲೆ ಪೇಂಟ್ ಹಾಕಿರುವುದು ಯಾರೂ ತಿರುಗಿಸಬಾರದು ಅಂತಲೇ. ಗಾಳಿಯ ದಾರಿ ಮುಚ್ಚುವ ಬಟರ್‌ಫ್ಲೈ ತಟ್ಟೆ ಎಷ್ಟು ಮುಚ್ಚಿರಬೇಕು ಅನ್ನುವುದನ್ನು ಫ್ಯಾಕ್ಟರಿಯಲ್ಲಿ ಗಾಳಿ ಅಳೆದು ಸೆಟ್ ಮಾಡಿರುತ್ತಾರೆ. ಅದನ್ನು ಕದಲಿಸಿದರೆ ಸೆನ್ಸರಿನ ಸೊನ್ನೆಯೇ ತಪ್ಪುತ್ತದೆ. ರೀಸೆಟ್ ವಿಧಾನವೂ ಎಲ್ಲ ಬೈಕಿಗೆ ಒಂದೇ ಅಲ್ಲ. ಕೆಲವು ಇಸಿಯು ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಬೇಕೇ ಬೇಕು.

ಸುರತ್ಕಲ್ 66: ನನ್ನ ಬೈಕ್ ಸರಿಯಾಯ್ತಲ್ಲ ಅಣ್ಣ? ಗ್ಯಾರೇಜಿಗೆ ಹೋದರೆ ಇಡೀ ಥ್ರಾಟಲ್ ಬಾಡಿ ಬದಲಿಸಿ ಅನ್ನುತ್ತಾರೆ. ರೀಸೆಟ್‌ಗೆ ಖರ್ಚಿಲ್ಲ. ಮೊದಲು ಅದನ್ನು ಮಾಡಿ ನೋಡುವುದರಲ್ಲಿ ಏನು ತಪ್ಪು?

ಕಂಕನಾಡಿ ಮೆಕ್ಯಾನಿಕ್: ನಿಮ್ಮ ಸೆನ್ಸರ್ ಚೆನ್ನಾಗಿತ್ತು, ಬ್ಯಾಟರಿ ಬಿಚ್ಚಿದ್ದಕ್ಕೆ ಇಸಿಯು ಕಲಿತದ್ದು ಮಾತ್ರ ಅಳಿಸಿತ್ತು. ಇವರದ್ದು ಬೇರೆ. ಈ ಸೆನ್ಸರ್ ಹೆಚ್ಚಿನ ಬೈಕ್‌ಗಳಲ್ಲಿ ಒಂದು ವಾಲ್ಯೂಮ್ ಕಂಟ್ರೋಲ್ ಇದ್ದ ಹಾಗೆ, ಒಳಗೆ ಕರೆಂಟ್ ಹರಿಯುವ ಟ್ರ್ಯಾಕ್ ಮೇಲೆ ಒಂದು ಸಣ್ಣ ಪಟ್ಟಿ ಉಜ್ಜುತ್ತದೆ. ಊರೊಳಗೆ ಓಡಿಸುವಾಗ ಥ್ರಾಟಲ್ ಸದಾ ಸ್ವಲ್ಪವೇ ತೆರೆದಿರುತ್ತದೆ. ಟ್ರ್ಯಾಕ್ ಸವೆಯುವುದೂ ಅಲ್ಲೇ. ಸಣ್ಣ ಥ್ರಾಟಲ್‌ನಲ್ಲಿ ಜರ್ಕ್, ಹೈವೇಯಲ್ಲಿ ಸರಿ ಅಂದರೆ ನನಗೆ ಮೊದಲ ಅನುಮಾನ ಅದೇ. ಸವೆದ ಟ್ರ್ಯಾಕನ್ನು ಯಾವ ರೀಸೆಟ್ಟೂ ಸರಿ ಮಾಡುವುದಿಲ್ಲ. ಇನ್ನೊಂದು, ಬ್ಯಾಟರಿ ಬಿಚ್ಚುವ ಮೊದಲು ಇಸಿಯುನಲ್ಲಿರುವ ದೋಷದ ಕೋಡ್ ಓದಿಸಿ. ಪಿ0122 ಬಂದರೆ ಸಿಗ್ನಲ್ ಕಮ್ಮಿ, ಪಿ0123 ಬಂದರೆ ಜಾಸ್ತಿ. ಸುಮ್ನೆ ಅಳಿಸಿಬಿಟ್ಟರೆ ಇದ್ದ ಸುಳಿವೂ ಹೋಯ್ತು.

ಮಣಿಪಾಲದಿಂದ: ಸೆನ್ಸರಿಗಿಂತ ಮೊದಲು ಅದಕ್ಕೆ ವೈರ್ ಸೇರಿಸುವ ಕಪ್ಲರ್ ನೋಡಿ ಅನ್ನುತ್ತೇನೆ. ಮಲ್ಪೆಯ ಉಪ್ಪುಗಾಳಿ, ಮೇಲೆ ಮಳೆ. ಪಿನ್‌ಗೆ ಹಸಿರು ಕಿಲುಬು ಹಿಡಿಯುತ್ತದೆ. ಮೂರು ವೈರ್ ಇರುತ್ತವೆ: 5 ವೋಲ್ಟ್, ಅರ್ತ್, ಸಿಗ್ನಲ್. ಅರ್ತ್ ಪಿನ್ ಕೆಟ್ಟರೆ ಸಿಗ್ನಲ್ ಮೇಲೇರುತ್ತದೆ, ಮುಚ್ಚಿದ ಥ್ರಾಟಲ್ ತೆರೆದಿದೆ ಅಂತ ಇಸಿಯು ತಿಳಿಯುತ್ತದೆ. ಕಪ್ಲರ್ ಹಾಕಿಯೇ ಕೀ ಆನ್ ಮಾಡಿ, ಸೆನ್ಸರಿನ ಅರ್ತ್ ಮತ್ತು ಬ್ಯಾಟರಿ ಮೈನಸ್ ನಡುವಿನ ವೋಲ್ಟೇಜ್ ಮೀಟರಿನಲ್ಲಿ ಅಳೆಯಿರಿ. 0.1 ವೋಲ್ಟ್‌ಗಿಂತ ಜಾಸ್ತಿ ಇದ್ದರೆ ಅಲ್ಲೇ ತೊಂದರೆ. ಆಮೇಲೆ ಸಿಗ್ನಲ್ ವೈರ್. ಸಾಮಾನ್ಯವಾಗಿ ಮುಚ್ಚಿದಾಗ ಅರ್ಧ ವೋಲ್ಟ್ ಆಸುಪಾಸು, ಪೂರ್ತಿ ತೆರೆದಾಗ 4 ವೋಲ್ಟ್ ಆಸುಪಾಸು ಇರುತ್ತದೆ. ನಿಮ್ಮ ಬೈಕಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುವಲ್‌ನಲ್ಲಿದೆ.

ಕಂಕನಾಡಿ ಮೆಕ್ಯಾನಿಕ್: ಒಪ್ಪಿದೆ. ಸಿಗ್ನಲ್ ನೋಡಲು ಮುಳ್ಳಿನ ಮೀಟರ್ ಇದ್ದರೆ ಒಳ್ಳೆಯದು. ಥ್ರಾಟಲ್ ತೀರಾ ನಿಧಾನ ತಿರುಗಿಸಿ. ಮುಳ್ಳು ಎಲ್ಲಿ ಥಟ್ಟನೆ ಬಿದ್ದು ಏಳುತ್ತದೋ ಅಲ್ಲಿ ಟ್ರ್ಯಾಕ್ ಸವೆದಿದೆ. ಅಗ್ಗದ ಡಿಜಿಟಲ್ ಮೀಟರ್‌ನಲ್ಲಿ ಅದು ಕಣ್ಣು ತಪ್ಪಿಸುತ್ತದೆ.

ಮಲ್ಪೆ ಸವಾರ: ನೋಡಿದೆ. ಅರ್ತ್‌ನಲ್ಲಿ 0.3 ವೋಲ್ಟ್ ಇತ್ತು, ಪಿನ್ ಪೂರ್ತಿ ಹಸಿರು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಹಾಕಿದೆ. ಐಡಲ್ ಈಗ ಗಟ್ಟಿ ನಿಂತಿದೆ. ಸಣ್ಣ ಜರ್ಕ್ ಮಾತ್ರ ಇನ್ನೂ ಇದೆ.

ಸುರತ್ಕಲ್ 66: ಈಗಲಾದರೂ ರೀಸೆಟ್ ಮಾಡಬಹುದಲ್ವಾ?

ಮಣಿಪಾಲದಿಂದ: ಈಗ ಮಾಡಲೇಬೇಕು. ಸಿಗ್ನಲ್ ತಪ್ಪಿದ್ದಾಗ ಕಲಿತದ್ದು ಇಸಿಯುನಲ್ಲಿ ಉಳಿದಿರಬಹುದು. ನಿಮ್ಮ ಮಾಡೆಲ್‌ಗೆ ಹೇಳಿದ ವಿಧಾನದಲ್ಲೇ ಮಾಡಿ.

ಕಂಕನಾಡಿ ಮೆಕ್ಯಾನಿಕ್: ಅದಾದ ಮೇಲೂ ಜರ್ಕ್ ಇದ್ದರೆ ಥ್ರಾಟಲ್ ಕೇಬಲಿನ ಫ್ರೀ ಪ್ಲೇ (ಸಡಿಲ), ಇಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ರಬ್ಬರಿನ ಬಿರುಕು ನೋಡಿ. ಎರಡೂ ಸರಿ ಇದ್ದರೆ ಮುಳ್ಳಿನ ಮೀಟರ್ ಹಿಡಿದು ಟ್ರ್ಯಾಕ್ ಪರೀಕ್ಷೆ ಮಾಡಿ. ಸೆನ್ಸರ್ ಬೇರೆಯಾಗಿ ಸಿಗುತ್ತದಾ ಅಂತ ಕೇಳಿ ಇಟ್ಟುಕೊಳ್ಳಿ.